ಗ್ರಾಹಕರ ಇಮೇಲ್‌ಗಳನ್ನು ಸಿಆರ್‌ಎಂನಲ್ಲಿ (ಗ್ರಾಹಕರ ವಿವರ, ಮಾತುಕತೆ ಇಡುವ ಸಾಫ್ಟ್‌ವೇರ್‌ನಲ್ಲಿ) ಅವರ ಹೆಸರಿನಡಿ ಸೇರಿಸುವುದು ಹೇಗೆ?

ಒಂದೊಂದೇ ಮೇಲ್ ಕಾಪಿ-ಪೇಸ್ಟ್ ಮಾಡಿ ಸಾಕಾಗಿದೆಯೇ? ಆ ಕಷ್ಟ ಬೇಕಿಲ್ಲ.

ಎಲ್ಲಕ್ಕಿಂತ ಸುಲಭದ ದಾರಿ ಬಿಸಿಸಿ, ಅಂದರೆ ಬೇರೆಯವರಿಗೆ ಕಾಣದಂತೆ ಮೇಲ್‌ನ ಪ್ರತಿ ಕಳಿಸುವ ಜಾಗ. ಸೇಲ್ಸ್‌ಫೋರ್ಸ್, ಹಬ್‌ಸ್ಪಾಟ್, ಜೋಹೋ ಈ ಮೂರೂ ಸಿಆರ್‌ಎಂಗಳಲ್ಲಿ ಇದಕ್ಕಂತಲೇ ಒಂದು ವಿಳಾಸ ಸಿಗುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಗ್ರಾಹಕರಿಗೆ ಮೇಲ್ ಕಳಿಸುವಾಗ ಅದನ್ನು ಬಿಸಿಸಿಯಲ್ಲಿ ಹಾಕಿ. ಸಿಸಿಯಲ್ಲಿ ಬೇಡ, ಗ್ರಾಹಕರಿಗೂ ಕಾಣುತ್ತದೆ. 'ಟು' ಜಾಗದ ವಿಳಾಸ ಯಾರ ದಾಖಲೆಯಲ್ಲಿದೆಯೋ ಆ ದಾಖಲೆಗೆ ಮೇಲ್ ಹೋಗಿ ಸೇರುತ್ತದೆ.

ತೊಂದರೆ ಬರುವುದು ಇಲ್ಲೇ. ಸಾಫ್ಟ್‌ವೇರ್ ನೋಡುವುದು ಹೆಸರನ್ನಲ್ಲ, ಇಮೇಲ್ ವಿಳಾಸವನ್ನು. ಗ್ರಾಹಕರು ಆಫೀಸಿನ ವಿಳಾಸ ಕೊಟ್ಟು, ಸ್ವಂತ ಜಿಮೇಲ್‌ನಿಂದ ಬರೆದರೆ ಮೇಲ್ ಎಲ್ಲೂ ಸೇರದೆ ಉಳಿಯಬಹುದು, ಇಲ್ಲವೇ ಅದೇ ವ್ಯಕ್ತಿಗೆ ಎರಡನೇ ದಾಖಲೆ ಹುಟ್ಟಬಹುದು. ಹಾಗಾಗಿ ಎರಡೂ ವಿಳಾಸಗಳನ್ನು ಒಂದೇ ದಾಖಲೆಯಲ್ಲಿ ಹಾಕಿಡಿ.

ಬಿಸಿಸಿಯಿಂದ ಉಳಿಯುವುದು ನೀವು ಕಳಿಸಿದ್ದು ಮಾತ್ರ. ಬಂದ ಮೇಲ್‌ಗಳೂ ಬೇಕು ಅಲ್ವಾ? ಅದಕ್ಕೆ ಜಿಮೇಲ್ ಅಥವಾ ಔಟ್‌ಲುಕ್ ಖಾತೆಯನ್ನೇ ಸಿಆರ್‌ಎಂಗೆ ಜೋಡಿಸಬೇಕು. ಆದರೆ ಜೋಡಿಸುವ ಮುಂಚೆ ಯಾವ ಮೇಲ್ ಯಾರಿಗೆ ಕಾಣಬೇಕು ಅನ್ನೋದನ್ನ ಸೆಟ್ ಮಾಡಿ. ಸಂಬಳದ ಮಾತುಕತೆ ಸುಮ್ನೆ ಇಡೀ ಸೇಲ್ಸ್ ತಂಡದ ಕಣ್ಣಿಗೆ ಬೀಳೋದು ಬೇಡ. ಹಬ್‌ಸ್ಪಾಟ್‌ನಲ್ಲಾದರೆ ಉಳಿಸಬಾರದ ವಿಳಾಸ, ಡೊಮೇನ್‌ಗಳ (ವಿಳಾಸದಲ್ಲಿ @ ನಂತರ ಬರುವ ಭಾಗ) ಪಟ್ಟಿಯನ್ನೇ ಕೊಡಬಹುದು. ನಿಮ್ಮ ಕಂಪನಿಯ ಡೊಮೇನನ್ನು ಮೊದಲು ಅದಕ್ಕೆ ಸೇರಿಸಿ.