ಎಡಿನ್‌ಬರೋದ ಹುಡುಗ ನಾಯಕಿಗೆ ಏನಾಗಬೇಕು?

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ಅಜ್ಜಿಯನ್ನು ಕೂಸಾಗಿದ್ದಾಗಲೇ ಬಿಟ್ಟು ಸ್ವದೇಶಕ್ಕೆ ಮರಳಿದ ಸ್ಕಾಟ್ಲೆಂಡಿನ ಬಿಳಿಯ ದೊರೆಯ, ಅಂದರೆ ಅಜ್ಜಿಯ ತಂದೆಯ, ಮನೆತನವನ್ನು ಹುಡುಕಿಕೊಂಡು ಸಕಲೇಶಪುರದ ಕಾಫಿ ತೋಟದ ಹುಡುಗಿಯೊಬ್ಬಳು ಎಡಿನ್‌ಬರೋಗೆ ಹೋಗಿ, ಆ ಮನೆಯ ಹುಡುಗನಿಗೇ ಮನಸೋಲುವ ನಿಮ್ಮ ಕಾದಂಬರಿಯನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಸಾಧ್ಯವಿಲ್ಲ. ಒಂದು ಸಾಲಿನ ವಿಷಾದಪತ್ರದೊಂದಿಗೆ ಹಿಂದಿರುಗಿಸುವಂಥ ಬರವಣಿಗೆಯೂ ಇದಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾಯಕಿಯ ತಂದೆಯ ತಾಯಿಯೂ ಹುಡುಗನ ತಂದೆಯ ತಂದೆಯೂ ಒಂದೇ ದೊರೆಯ ಮಕ್ಕಳು. ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಇಷ್ಟು ತಿಳಿದ ಮೇಲೆ ವರಸೆ ಎಣಿಸದೆ ಮುಂದಿನ ಪುಟಕ್ಕೆ ಹೋಗುವುದಿಲ್ಲ. ಅಕ್ಕ ತಮ್ಮಂದಿರ ಮಕ್ಕಳಾದ ಇವರ ತಂದೆಯರು ಪರಸ್ಪರ ಭಾವಮೈದುನರಾಗುತ್ತಾರೆ. ಆ ಲೆಕ್ಕದಲ್ಲಿ ಹುಡುಗ ನಾಯಕಿಗೆ ಮದುವೆಯಾಗಬಹುದಾದ ವರಸೆಯೇ ಆಗುತ್ತಾನೆ, ಊರಿನ ಹಿರಿಯರು ಕೇಳಿದರೆ ಸಂಬಂಧ ಕೂಡಿತೆಂದು ಹಿಗ್ಗಿಯಾರು. ಬೆಚ್ಚಿಬೀಳಬೇಕಾದವನು ಆ ಹುಡುಗ. ಕಾನೂನಿನ ಅಡ್ಡಿ ಅಲ್ಲಿಯೂ ಇಲ್ಲ, ಆದರೆ ತಾನು ಪ್ರೀತಿಸಿದವಳಿಗೂ ತನಗೂ ಮುತ್ತಜ್ಜ ಒಬ್ಬನೇ ಎಂಬುದನ್ನು ಅವನ ಮನಸ್ಸು ಒಪ್ಪುವುದು ಸುಲಭವಲ್ಲ. ಒಬ್ಬರಿಗೆ ಸಲೀಸಾದದ್ದು ಇನ್ನೊಬ್ಬರಿಗೆ ಅಸಹ್ಯವಾಗುವ ಈ ಜಾಗವೇ ನಿಮ್ಮ ಕಾದಂಬರಿಯ ನಿಜವಾದ ಕಥೆ. ನೀವಾದರೋ ಕೊನೆಯ ಅಧ್ಯಾಯದಲ್ಲಿ ಅವನು ದತ್ತುಮಗನೆಂದು ಹೇಳಿಸಿ ಇಬ್ಬರನ್ನೂ ಪಾರುಮಾಡಿದ್ದೀರಿ. ದಯವಿಟ್ಟು ಆ ದತ್ತುಪತ್ರವನ್ನು ತೆಗೆದುಹಾಕಿ.

ಎಡಿನ್‌ಬರೋದಲ್ಲಿ ಒಂದೇ ವಾರದಲ್ಲಿ ನಡೆಯುವ ರಿಜಿಸ್ಟರ್ ಮದುವೆಯೂ ನಿಲ್ಲುವುದಿಲ್ಲ. ಸಾಮಾನ್ಯ ಪ್ರವಾಸಿ ವೀಸಾದಲ್ಲಿ ಹೋದವರು ಬ್ರಿಟನ್ನಿನಲ್ಲಿ ಮದುವೆಯಾಗುವಂತಿಲ್ಲ. ಅದಕ್ಕೆ ಬೇರೆ ವೀಸಾ ಬೇಕು. ಸ್ಕಾಟ್ಲೆಂಡಿನಲ್ಲಿ ಮದುವೆಗೆ ಕನಿಷ್ಠ 29 ದಿನ ಮೊದಲೇ ನೋಟಿಸ್ ಸಲ್ಲಿಸಬೇಕು. ಇದನ್ನು ತೊಡಕೆಂದು ಭಾವಿಸಬೇಡಿ: ನಾಯಕಿ ಒಬ್ಬಳೇ ತೋಟಕ್ಕೆ ಹಿಂದಿರುಗಲೇಬೇಕಾಗುತ್ತದೆ, ಪ್ರೇಮಕಥೆಗೆ ಬೇಕಾದ ಅಗಲಿಕೆ ಯಾವ ಖಳನಾಯಕನ ನೆರವೂ ಇಲ್ಲದೆ ಒದಗುತ್ತದೆ.

ಹುಡುಕಾಟವನ್ನು ಫೇಸ್‌ಬುಕ್‌ನಲ್ಲಿ ಒಂದು ರಾತ್ರಿಗೇ ಮುಗಿಸಿರುವುದು ನನಗೆ ನಿಜಕ್ಕೂ ಬೇಸರ ತಂದಿತು. ಸ್ಕಾಟ್ಲೆಂಡಿನಲ್ಲಿ 1855ರಿಂದಲೂ ಜನನ, ಮದುವೆ, ಮರಣಗಳ ಕಡ್ಡಾಯ ನೋಂದಣಿಯಿದ್ದು, ಆ ದಾಖಲೆಗಳನ್ನು ಸಾರ್ವಜನಿಕರು ಎಡಿನ್‌ಬರೋದಲ್ಲೇ ಕುಳಿತು ನೋಡಬಹುದು. ಮದುವೆಯ ದಾಖಲೆಯಲ್ಲಿ ವರನು ಅವಿವಾಹಿತನೋ ವಿಧುರನೋ ಎಂಬುದನ್ನೂ ಬರೆದಿರುತ್ತಾರೆ. ಅಜ್ಜಿಯ ತಾಯಿಗೆ ತಾಳಿ ಕಟ್ಟಿ ಬಂದ ದೊರೆ, ಊರು ಸೇರಿದ ಮೇಲೆ ತನ್ನನ್ನು ಅವಿವಾಹಿತನೆಂದು ಬರೆಸಿಕೊಂಡಿರುವುದನ್ನು ನಾಯಕಿ ತನ್ನ ಕಣ್ಣಿನಿಂದಲೇ ಓದಲಿ. ಆಗ ಪಕ್ಕದಲ್ಲಿ ಆ ಹುಡುಗನೂ ಇರಲಿ. ನೀವು ಕೋಟೆ, ಬ್ಯಾಗ್‌ಪೈಪು, ವಿಮಾನ ನಿಲ್ದಾಣಗಳಿಗೆ ಕೊಟ್ಟಿರುವ ಪುಟಗಳನ್ನೆಲ್ಲ ಕಡಿದು ಈ ಒಂದು ದೃಶ್ಯಕ್ಕೆ ಕೊಟ್ಟರೂ ನಷ್ಟವಿಲ್ಲ.

ಕುಟುಂಬದವರ ಮೊದಲ ಭೇಟಿ ಒಂದೂವರೆ ಪುಟದಲ್ಲಿ ಮುಗಿದಿದೆಯಾದರೂ ಇಡೀ ಹಸ್ತಪ್ರತಿಯಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಅದೇ. ಬಾಗಿಲು ತೆರೆದ ಅತ್ತೆ ಕುಡಿಯಲು ನೀರು ಕೊಡುವ ಮೊದಲೇ "ಎಷ್ಟು ದಿನ ಇರುತ್ತೀಯಾ?" ಎಂದು ಕೇಳುತ್ತಾಳೆ, ಅದು ಅವಮಾನವೋ ಹಾಸಿಗೆ ಸಿದ್ಧಪಡಿಸುವ ಕಾಳಜಿಯೋ ತಿಳಿಯದೆ ನಾಯಕಿ ಹೆಗಲ ಚೀಲವನ್ನು ಇಳಿಸದೆ ನಿಂತಿರುತ್ತಾಳೆ. ಇಲ್ಲಿ ನೀವು ಏನನ್ನೂ ವಿವರಿಸಿಲ್ಲ. ಆದರೆ ಮುಂದಿನ ಪ್ಯಾರಾದಲ್ಲೇ ಎಲ್ಲರೂ ಅಪ್ಪಿಕೊಂಡು ಅಳುತ್ತಾರೆ. ಅಷ್ಟು ಬೇಗ ಅಳಿಸಬೇಡಿ.

ತೋಟದ ವಿವರಗಳಲ್ಲಿ ತಪ್ಪುಗಳಾದರೆ ನಮ್ಮ ಓದುಗರು ಕ್ಷಮಿಸುವುದಿಲ್ಲ. ಹೂಮಳೆ ಬಿದ್ದು ಕಾಫಿ ಅರಳಿದ ವಾರವೇ ನಿಮ್ಮ ಅಜ್ಜಿ ಆಳುಗಳಿಂದ ಹಣ್ಣು ಕೊಯ್ಲು ಮಾಡಿಸುತ್ತಾಳೆ. ಹೂ ಬಿಡುವುದು ಮಾರ್ಚ್, ಏಪ್ರಿಲ್ ಸುಮಾರಿಗೆ. ಅರೇಬಿಕಾ ಕೊಯ್ಲಿಗೆ ಬರುವುದು ನವೆಂಬರ್ ಹೊತ್ತಿಗೆ, ರೋಬಸ್ಟಾ ಇನ್ನೂ ತಡ. ಹಾಗೆಯೇ ಏಪ್ರಿಲ್‌ನಲ್ಲಿ ಎಡಿನ್‌ಬರೋದಿಂದ ರಾತ್ರಿ 8 ಗಂಟೆಗೆ ಫೋನ್ ಮಾಡಿದರೆ ಇಲ್ಲಿ ನಡುರಾತ್ರಿ 12.30 ಆಗಿರುತ್ತದೆ, ಆ ಹೊತ್ತಿನಲ್ಲಿ ತಾಯಿ ಅಕ್ಕಿರೊಟ್ಟಿ ತಟ್ಟುತ್ತಿರಲಾರಳು.

ಇಡೀ ಕಾದಂಬರಿಯನ್ನು ಈಗಲೇ ತಿದ್ದಿ ಕಳುಹಿಸುವ ಅಗತ್ಯವಿಲ್ಲ. ಮೊದಲ ಭೇಟಿಯ ಅಧ್ಯಾಯವನ್ನೂ, ತಮ್ಮಿಬ್ಬರ ಸಂಬಂಧ ಹುಡುಗನಿಗೆ ತಿಳಿಯುವ ಅಧ್ಯಾಯವನ್ನೂ ಹೊಸದಾಗಿ ಬರೆದು ಹಾಸನದ ನಮ್ಮ ಕಚೇರಿಗೆ ಕಳುಹಿಸಿ. ಅವನ್ನು ಓದಿದ ಮೇಲೆ ಉಳಿದದ್ದರ ಬಗ್ಗೆ ಮಾತನಾಡೋಣ.

ಇತಿ,
ಸಂಪಾದಕ