ಬೀದಿಚಿತ್ರ ಮತ್ತು ಪಬ್ ಸಂಸ್ಕೃತಿಯ ಮಾದರಿಯಲ್ಲಿ ಕಾಸರಗೋಡಿನ ಬೀದಿಯೊಂದನ್ನು ರೂಪಿಸಬಹುದೇ?

ವಾಸ್ತುಶಿಲ್ಪ ಓದುತ್ತಿರುವ ನೀವು, ಕಾಸರಗೋಡು ಪೇಟೆಯ ಬೀದಿಯೊಂದಕ್ಕೆ ಆಸ್ಟ್ರೇಲಿಯಾದ ಮೆಲ್ಬರ್ನಿನ ಗೋಡೆಚಿತ್ರಗಳನ್ನೂ ಪಬ್‌ಗಳನ್ನೂ ಮಾದರಿಯಾಗಿ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನು ವಾಸ್ತುಶಿಲ್ಪಿಯಲ್ಲ. ಕುಂಬಳೆ, ಕಾಸರಗೋಡಿನ ಗೋಡೆಗಳ ಮೇಲೆ, ಅಂಗಡಿಗಳ ಬೋರ್ಡುಗಳ ಮೇಲೆ ಕನ್ನಡ, ಮಲಯಾಳ ಎರಡೂ ಅಕ್ಷರ ಬರೆದು ಸಂಸಾರ ನಡೆಸಿದವನು.

ಇಟ್ಟುಕೊಳ್ಳಬಹುದು. ಆದರೆ ಚಿತ್ರದಿಂದ ಆರಂಭಿಸಬೇಡಿ, ಬಾಗಿಲಿನಿಂದ ಆರಂಭಿಸಿ. ಮೆಲ್ಬರ್ನಿನ ಓಣಿಗಳು ಹಿಂದೆ ಕಟ್ಟಡಗಳ ಹಿಂಬದಿಗೆ ಸರಕು ತರುವ, ಕಸ ಸಾಗಿಸುವ ದಾರಿಗಳಾಗಿದ್ದವು. 1980ರ ದಶಕದ ಕೊನೆಯಲ್ಲಿ ಅಲ್ಲಿ ಮದ್ಯದ ಪರವಾನಗಿಯ ಕಾನೂನು ಸಡಿಲಗೊಂಡಿತು. ಮುಂದಿನ ವರ್ಷಗಳಲ್ಲಿ ಓಣಿಗಳೊಳಗೆ ಸಣ್ಣ ಬಾರು, ಕಾಫಿ ಅಂಗಡಿಗಳು ಬಂದವು. ಬಾಗಿಲುಗಳು ಓಣಿಯ ಕಡೆಗೆ ತೆರೆದುಕೊಂಡವು, ರಾತ್ರಿ ದೀಪ ಉರಿಯಿತು. ಇಂದು ಅಂಥ ಓಣಿಗಳಲ್ಲೊಂದಾದ ಹೋಸಿಯರ್ ಲೇನ್‌ನ ಗೋಡೆಚಿತ್ರಗಳನ್ನು ಪ್ರವಾಸಿಗರು ಹುಡುಕಿಕೊಂಡು ಹೋಗುತ್ತಾರೆ. ಬಾಗಿಲೇ ಇಲ್ಲದ ಉದ್ದನೆಯ ಕಾಂಪೌಂಡಿಗೆ ಎಷ್ಟು ಒಳ್ಳೆಯ ಚಿತ್ರ ಬರೆದರೂ ಅದರ ಮುಂದೆ ಸ್ಕೂಟರುಗಳು ನಿಲ್ಲುತ್ತವೆ, ಮನುಷ್ಯರು ನಿಲ್ಲುವುದಿಲ್ಲ.

ಪಬ್ ಎಂಬುದು 'ಪಬ್ಲಿಕ್ ಹೌಸ್' ಎಂಬುದರ ಕಿರುರೂಪ, ಅಂದರೆ ಎಲ್ಲರಿಗೂ ತೆರೆದ ಮನೆ. ನಮ್ಮ ಕಳ್ಳಿನ ಅಂಗಡಿಯನ್ನು ಅದಕ್ಕೆ ಹೋಲಿಸಬೇಡಿ. ಅದು ಬೀದಿಗೆ ಬೆನ್ನು ಹಾಕಿ ಕುಳಿತ ಜಾಗ, ಹೆಂಗಸರು ಅತ್ತ ಸುಳಿಯುವುದಿಲ್ಲ. ನೀವು ಟೇಪು ಹಿಡಿದು ಹೋಗಬೇಕಾದದ್ದು ಚಹಾ ಅಂಗಡಿಗೆ, ಕೂಲ್‌ಬಾರಿಗೆ. ಕೂಲ್‌ಬಾರ್ ಎಂದರೆ ನಮ್ಮಲ್ಲಿ ಹಣ್ಣಿನ ರಸದ ಅಂಗಡಿ. ಕಾಲೇಜಿನ ಹುಡುಗಿಯರು, ಮಕ್ಕಳನ್ನು ಕರೆದುಕೊಂಡು ಬಂದ ತಾಯಂದಿರು ಅಂಜಿಕೆಯಿಲ್ಲದೆ ಅರ್ಧ ಗಂಟೆ ಕೂರುವುದು ಅಲ್ಲಿಯೇ. ಬೆಂಚಿಗೂ ರಸ್ತೆಗೂ ಎಷ್ಟು ಅಂತರ, ಮಾಡಿನ ಸೂರು ಎಷ್ಟು ಮುಂದಕ್ಕೆ ಚಾಚಿದೆ, ಜೂನ್ ತಿಂಗಳ ಜಡಿಮಳೆಯಲ್ಲಿ ಜನ ಎಲ್ಲಿ ಒತ್ತಿಕೊಂಡು ನಿಲ್ಲುತ್ತಾರೆ ಎಂಬುದನ್ನು ಬರೆದುಕೊಳ್ಳಿ.

ಇನ್ನು ಗೋಡೆ. ಬೀದಿಯ ಗೋಡೆಗೆ ಬರೆಯುವುದನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಚುನಾವಣೆ ಹತ್ತಿರ ಬಂದಾಗ ಪಕ್ಷದವರು ಸುಣ್ಣ ಬಳಿದು ತಮ್ಮ ಹೆಸರು, ವರ್ಷ ಬರೆದಿಟ್ಟರೆ ಸಾಕು, ಆ ಗೋಡೆ ಅವರಿಗೆ ಮೀಸಲು. ನೀಲಿ, ಕೆಂಪು ಬಣ್ಣದಲ್ಲಿ ಆಳೆತ್ತರದ ಅಕ್ಷರ ಬರೆದ ರಾತ್ರಿಗಳು ನನಗೆ ಇಂದಿಗೂ ಪ್ರಿಯ. ಫ್ಲೆಕ್ಸ್ ಬಂದು ಆ ಕೆಲಸವನ್ನು ಬಹುಪಾಲು ನುಂಗಿತು. 2019ರಲ್ಲಿ ಕೇರಳ ಸರ್ಕಾರ ಫ್ಲೆಕ್ಸ್ ನಿಷೇಧಿಸಿದಾಗ ನಾನು ಕುಂಚಗಳನ್ನು ಮತ್ತೆ ತೊಳೆದಿಟ್ಟೆ.

ಬಣ್ಣದ ಕೆಲಸವನ್ನು ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿಸಿ. ತೇವ ಆರದ ಗೋಡೆಗೆ ಬಳಿದರೆ ಮೊದಲ ಮಳೆಗಾಲದಲ್ಲೇ ಹಪ್ಪಳದಂತೆ ಏಳುತ್ತದೆ. ಕೆಳಗಿನ ಒಂದೂವರೆ ಅಡಿಗೆ ಕೆಸರು ಸಿಡಿಯುತ್ತದೆ, ಅಲ್ಲಿ ಚಿತ್ರ ಬೇಡ. ಗಾರೆ ಹಾಕದ ಕೆಂಪುಕಲ್ಲಿನ ಗೋಡೆಯನ್ನು ದಯವಿಟ್ಟು ಮುಟ್ಟಬೇಡಿ, ಅದರ ಬಣ್ಣಕ್ಕಿಂತ ಚೆಂದದ್ದು ನಿಮ್ಮ ಡಬ್ಬಿಯಲ್ಲಿಲ್ಲ. ನಮ್ಮ ಕಡೆ ದೈವವಾಗಿ ವೇಷ ಕಟ್ಟಿ ಕುಣಿಯುವ ತೆಯ್ಯದ ಮುಖವನ್ನೂ ಬರೆಯಬೇಡಿ. ದೈವದ ಮುಖದ ಕೆಳಗೆ ಎಲೆಯಡಿಕೆ ಉಗುಳಿದ್ದನ್ನು ನೋಡಿ ಸಂಕಟಪಟ್ಟಿದ್ದೇನೆ.

ಅದರ ಬದಲು ಅಕ್ಷರಗಳನ್ನು ಬರೆಯಿರಿ. ಒಂದೇ ಗೋಡೆಯಲ್ಲಿ ಕನ್ನಡ, ಮಲಯಾಳ ಎರಡನ್ನೂ ಕೂರಿಸುವಾಗ ಕನ್ನಡದ ಸಾಲಿನ ಕೆಳಗೆ ಹೆಚ್ಚು ಜಾಗ ಬಿಡಿ. ಒತ್ತಕ್ಷರಗಳು ಕೆಳಗಿಳಿಯುತ್ತವೆ, ಜಾಗ ಸಾಲದೆ ಅವನ್ನು ಕುಗ್ಗಿಸಿದ ಬೋರ್ಡುಗಳು ನಮ್ಮ ಪೇಟೆಯಲ್ಲಿ ಬೇಕಾದಷ್ಟಿವೆ. ನಕ್ಷೆ ಸಿದ್ಧವಾದಾಗ ಇಲ್ಲಿ ಹಾಕಿ, ಅಕ್ಷರದ ಅಳತೆ ನಾನು ಹೇಳುತ್ತೇನೆ.