ಪರ್ಸಿನಲ್ಲಿದ್ದ ಟೇಪು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

22 ವರ್ಷದ ಹುಡುಗಿ. ರ‍್ಯಾಂಪ್ ಹತ್ತಿ ಎರಡು ವರ್ಷ, ಈಗಷ್ಟೇ ಹೆಸರು ಬರುತ್ತಿದೆ. ನನ್ನ ಬಳಿ ಕೌನ್ಸೆಲಿಂಗ್‌ಗೆ ಕರೆದುಕೊಂಡು ಬಂದದ್ದು ಅಕ್ಕ. "ನಿದ್ದೆ ಇಲ್ಲ, ಸಿಡುಕು ಜಾಸ್ತಿ, ಒಂದು ಮಾತಾಡಿದ್ರೆ ಅಳ್ತಾಳೆ" ಅಂದರು. ಹುಡುಗಿ ಮಾತ್ರ ನಗುತ್ತಲೇ ಇದ್ದಳು. ಸುಮ್ನೆ ಅಕ್ಕನ ಸಮಾಧಾನಕ್ಕೆ ಬಂದೆ ಎಂದಳು.

ಫೋನ್ ತೆಗೆಯಲು ಪರ್ಸ್ ಬಿಚ್ಚಿದಾಗ ಟೈಲರ್ ಟೇಪು ಕೆಳಗೆ ಬಿತ್ತು. ಎತ್ತಿಕೊಡುವಾಗ ನೋಡಿದೆ. 34 ಇಂಚಿನ ಆಸುಪಾಸಿನ ಅಂಕಿಗಳೇ ಸವೆದುಹೋಗಿದ್ದವು. ದಿನಕ್ಕೆ ಎಷ್ಟು ಸಲ ಮೈ ಅಳೆಯುತ್ತೀರಿ ಎಂದೆ. ನಗು ನಿಂತಿತು. "ಆರೇಳು ಸಲ, ಮೇಡಂ."

ಶುರುವಾದದ್ದು ಒಂದು ಫಿಟಿಂಗ್‌ನಲ್ಲಿ. ಶೋಗೆ ಬರುವ ಸ್ಯಾಂಪಲ್ ಬಟ್ಟೆಗಳನ್ನು ಸಾಮಾನ್ಯವಾಗಿ ಒಂದೇ ಅಳತೆಗೆ ಹೊಲಿದಿರುತ್ತಾರೆ. ಅವತ್ತು ಪ್ಯಾಂಟಿನ ಹುಕ್ ಕೂರಲಿಲ್ಲ. ಯಾರೂ ಬೈಯಲಿಲ್ಲ. ಬಿಚ್ಚಿಸಿ ಪಕ್ಕದ ಹುಡುಗಿಗೆ ಕೊಟ್ಟರು, ಅಷ್ಟೇ. ಬೈದಿದ್ದರೇ ವಾಸಿಯಿತ್ತೇನೋ, ಜಗಳವಾಡಿ ಮರೆಯುತ್ತಿದ್ದಳು.

ಎತ್ತರ 175 ಸೆಂ.ಮೀ., ತೂಕ 50 ಕೆ.ಜಿ. ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂಬ ಲೆಕ್ಕ) 16.3 ಆಯಿತು, ವಿಶ್ವ ಆರೋಗ್ಯ ಸಂಸ್ಥೆ 18.5ಕ್ಕಿಂತ ಕೆಳಗಿದ್ದರೇ ಕಡಿಮೆ ತೂಕ ಎನ್ನುತ್ತದೆ. ನಾಲ್ಕು ತಿಂಗಳಿಂದ ಮುಟ್ಟು ನಿಂತಿತ್ತು. ಅದನ್ನು "ಒಂದು ತಾಪತ್ರಯ ಕಡಿಮೆ" ಎಂದುಕೊಂಡಿದ್ದಳು! ಹೀಗೇ ಬಿಟ್ಟರೆ ಮೂಳೆ ಟೊಳ್ಳಾಗುತ್ತದೆ. ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತವೇ ತಪ್ಪಬಹುದು.

ಹಾಗಾಗಿ ನನ್ನ ಮೊದಲ ಸಲಹೆ ಮಾತುಕತೆಯಲ್ಲ, ಡಾಕ್ಟರು. ರಕ್ತ ಪರೀಕ್ಷೆ, ಇಸಿಜಿ, ಆಹಾರ ತಜ್ಞರು. ಹೊಟ್ಟೆಗಿಲ್ಲದಾಗ ಮನಸ್ಸಿಗೆ ಯಾವ ಮಾತೂ ಹತ್ತುವುದಿಲ್ಲ. ಎರಡನೆಯದು, ಟೇಪು ಅಕ್ಕನ ಕೈಗೆ. ತೂಕ ನೋಡುವುದು ಡಾಕ್ಟರ ಬಳಿ ಮಾತ್ರ.

ಮಾಡೆಲಿಂಗ್ ಬಿಡಿ ಎಂದು ನಾನು ಹೇಳಲಿಲ್ಲ. ಅಕ್ಕನಿಗೆ ಇದು ಅಷ್ಟು ಹಿಡಿಸಲಿಲ್ಲ. ಆದರೆ ಅವಳಿಗೆ ಆ ಕೆಲಸ ನಿಜಕ್ಕೂ ಇಷ್ಟ, ಚೆನ್ನಾಗೂ ಮಾಡುತ್ತಾಳೆ. ಡಾಕ್ಟರು ಒಪ್ಪುವವರೆಗೆ ರ‍್ಯಾಂಪ್ ಬೇಡ, ಆಮೇಲೆ ಮುಖ, ಕೈಗಳ ಜಾಹೀರಾತಿನಿಂದ ಶುರುಮಾಡಿ ಎಂದೆ. ಏಜೆನ್ಸಿಗೆ ಇದನ್ನು ಬಾಯಲ್ಲಿ ಹೇಳಬೇಡಿ, ಇ-ಮೇಲ್ ಹಾಕಿ ಎಂದೂ ಹೇಳಿದೆ.

"ಈ ಲೈನೇ ಹಾಗೆ ಮೇಡಂ" ಎಂದಳು. ಫ್ರಾನ್ಸ್‌ನಲ್ಲಿ 2017ರಿಂದ ಮಾಡೆಲ್‌ಗಳಿಗೆ ಡಾಕ್ಟರ ಸರ್ಟಿಫಿಕೇಟ್ ಬೇಕು, ದೇಹ ತೆಳ್ಳಗೆ ಕಾಣುವಂತೆ ತಿದ್ದಿದ ಜಾಹೀರಾತು ಫೋಟೋ ಮೇಲೆ ತಿದ್ದಿದ್ದು ಅಂತ ಬರೆಯಬೇಕು ಎಂದೆ. ಲೈನು ಹಾಗೇ ಇರಬೇಕಿಲ್ಲ, ಅಲ್ವಾ?

ಮೂರನೇ ಭೇಟಿಯಲ್ಲಿ ತಪ್ಪು ನನ್ನದೇ. "ಮುಖದಲ್ಲಿ ಕಳೆ ಬಂದಿದೆ" ಎಂದುಬಿಟ್ಟೆ. ಅವಳ ಕಿವಿಗೆ ಅದು "ದಪ್ಪಗಾಗಿದ್ದೀಯ" ಅಂತ ಬಿತ್ತು. ಎರಡು ದಿನ ಊಟ ಬಿಟ್ಟಳು. ಅಂದಿನಿಂದ ಅವಳ ರೂಪದ ಬಗ್ಗೆ, ಹೊಗಳಿಕೆಯಾದರೂ ಸರಿ, ಒಂದು ಮಾತೂ ಬೇಡ ಎಂದು ಮನೆಯವರಿಗೂ ಹೇಳಿದ್ದೇನೆ.

ಐದು ತಿಂಗಳಾಯಿತು. ತೂಕ 53. ಮುಟ್ಟು ಇನ್ನೂ ಮರಳಿಲ್ಲ. ಟೇಪು ಅಕ್ಕನ ಬೀರುವಿನಲ್ಲಿದೆ. ಎರಡು ಸಲ ಕೇಳಿದ್ದಳಂತೆ. ಒಂದು ಸಲ ಕೊಟ್ಟುಬಿಟ್ಟೆ ಎಂದು ಅಕ್ಕ ತಲೆ ತಗ್ಗಿಸಿ ಹೇಳಿದರು.